ಬಾಯಿಬಡುಕಿ ಹ್ಯಾಟೆಯ ಹಕೀಕತ್ತು

ಹಲಗೂರು ದಾಟಿ ಮುತ್ತತ್ತಿಯ ದಾರಿ ಹಿಡಿದರೆ ಹೊಲಗದ್ದೆಗಳು ಹಿಂದೆ ಉಳಿದು ಕುರುಚಲು ಕಾಡು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತದೆ. ದಾರಿಯ ಕೊನೆಗೆ ಕಾವೇರಿ, ದಡದಲ್ಲಿ ದೊಡ್ಡ ದೊಡ್ಡ ಹೊಳೆಮತ್ತಿ ಮರಗಳು, ಅಲ್ಲೇ ಆಂಜನೇಯನ ಗುಡಿ. ಸೀತಮ್ಮ ಹೊಳೆಯಲ್ಲಿ ಕಳೆದುಕೊಂಡ ಮುತ್ತನ್ನು ಬಾಲದಿಂದ ನೀರು ಕಲಕಿ ಎತ್ತಿಕೊಟ್ಟವನು ಎಂಬ ಕಥೆಯಿಂದ ಅವನು ಮುತ್ತುರಾಯ, ಮುತ್ತತ್ತಿರಾಯ. ರಾಜ್‌ಕುಮಾರ್ ಅವರಿಗೆ ಹೆತ್ತವರು ಇಟ್ಟಿದ್ದ ಮುತ್ತುರಾಜ ಎಂಬ ಹೆಸರು ಬಂದದ್ದೂ ಈ ದೇವರಿಂದಲೇ.

ಭಾನುವಾರ ಇಲ್ಲಿಗೆ ಬರುವವರಿಗೆ ಕೋಳಿ ಅಂದರೆ ಸಾರು. ಹೊಳೆ ದಡದಲ್ಲಿ ಮೂರು ಕಲ್ಲು ಹೂಡಿ ಬಾಡೂಟ ಮಾಡಿ, ಮುದ್ದೆ ಮುರಿದು, ನೀರಿಗಿಳಿದು ಹೋಗುವುದು ಮಂಡ್ಯ ಸೀಮೆಯವರಿಗೆ ಹೊಸದೇನಲ್ಲ. ನಾನು ಹೇಳಹೊರಟಿರುವುದು ಒಲೆ ಏರಿದ ಕೋಳಿಯ ವಿಷಯವಲ್ಲ. ಈ ಕಾಡಂಚಿನ ಊರುಗಳ ಹಿತ್ತಿಲಲ್ಲಿ ತಿಪ್ಪೆ ಕೆದರಿಕೊಂಡಿರುವ ಏಳೆಂಟು ಕೋಳಿಗಳಲ್ಲಿ ಒಂದಾದರೂ ಬಾಯಿಬಡುಕಿ ಇದ್ದೇ ಇರುತ್ತದಲ್ಲ, ಅದರ ವಿಷಯ. ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗಿನಿಂದ ಶುರು. ಮಿಕ್ಕವು ಮೇದುಕೊಂಡಿದ್ದರೆ ಇದು ಕತ್ತು ಉದ್ದ ಮಾಡಿ ಕೊಕ್ಕೊಕ್ಕೊಕ್ಕೊ ಅಂತ ಊರಿಗೆಲ್ಲ ಸುದ್ದಿ ಹೇಳುತ್ತಿರುತ್ತದೆ. ಬೇಲಿಯಾಚೆಯಿಂದ ಮಾತು ಬರುತ್ತದೆ: “ಏನಕ್ಕ, ನಿಮ್ ಕೋಳಿಗ್ ಏನ್ ಬಂದದೆ? ಮಗ ಮನೀಕಂಡಿತ್ತು, ಎದ್‌ಬುಡ್ತು.” ಈಚೆಯಿಂದ ಉತ್ತರ: “ನಂಗೂ ಸಾಕಾಗದೆ ಕಣಮ್ಮಿ. ಈ ಸತಿ ಹಬ್ಬಕ್ಕೆ ಇದ್ನೇ ಕುಯ್ದ್‌ಬುಡ್ತೀನಿ.”

ಕೋಳಿ ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ನಿಜ. ಆದರೆ ಅರೆಯುವುದಕ್ಕೆ ಮುಂಚೆ ಅದು ಏನನ್ನು ಕೂಗಿ ಹೇಳುತ್ತಿದೆ ಅಂತ ಒಂದೆರಡು ದಿನ ಕಿವಿಗೊಟ್ಟು ನೋಡಿದರೆ ನಷ್ಟವಿಲ್ಲ. ಹ್ಯಾಟೆ ಸುಮ್ಮಸುಮ್ಮನೆ ಕೂಗುವುದು ಬಹಳ ಕಡಿಮೆ. ಅದರಲ್ಲೂ ಕಾಡಿನ ಬಾಯಲ್ಲೇ ಇರುವ ಮುತ್ತತ್ತಿಯಂಥ ಊರಲ್ಲಿ ಆ ಕೂಗಿಗೆ ಬೇರೆಯೇ ಬೆಲೆಯಿದೆ.

ಕೋಳಿಯ ಕೂಗುಗಳನ್ನು ಶಾಸ್ತ್ರೀಯವಾಗಿ ವಿಂಗಡಿಸಿದವರಲ್ಲಿ ಅಮೆರಿಕದ ಪಕ್ಷಿವಿಜ್ಞಾನಿ ನಿಕೊಲಸ್ ಕೋಲಿಯಸ್ ದೊಡ್ಡ ಹೆಸರು. ನಮ್ಮ ಸಾಕುಕೋಳಿಗಳ ಮೂಲವಾದ ಕೆಂಪು ಕಾಡುಕೋಳಿಯ ದನಿಗಳನ್ನು ಧ್ವನಿಚಿತ್ರ ತೆಗೆದು 1987ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು 24 ಬಗೆಗಳಿವೆ. ಮರಿಗಳನ್ನು ಕಾಳಿನ ಕಡೆಗೆ ಕರೆಯುವುದು ಒಂದು, ಹತ್ತಿರ ಬಂದವರನ್ನು ಗದರುವುದು ಇನ್ನೊಂದು, ಹಿಡಿದಾಗ ಕಿರುಚುವುದು ಮತ್ತೊಂದು. ನಮ್ಮ ಹಳ್ಳಿಯ ಹೆಂಗಸರಿಗೆ ಈ ಪಟ್ಟಿ ಬೇಕಿಲ್ಲ. ಅಡುಗೆ ಮನೆಯಲ್ಲಿ ಕೂತೇ “ಮೊಟ್ಟೆ ಇಕ್ತು”, “ಹದ್ದು ಬಂತು”, “ಮುಂಗುಸಿ ನುಗ್ತು” ಅಂತ ಹೇಳಬಲ್ಲವರು ಅವರು. ಬೇರೆಬೇರೆ ಅಂತ ಗೊತ್ತಾಗದೆ ಎಲ್ಲವನ್ನೂ ಗಲಾಟೆ ಅಂತ ಒಂದೇ ಗಂಟು ಕಟ್ಟುವವರು ಮೊನ್ನೆ ಮೊನ್ನೆ ಕೋಳಿ ಸಾಕಲು ಶುರು ಮಾಡಿದ ನಮ್ಮಂಥವರು.

ಮೊದಲಿಗೆ ಮೊಟ್ಟೆಯ ಕೂಗು. ಸದ್ದಿನ ದೂರುಗಳಲ್ಲಿ ಹೆಚ್ಚಿನವು ಇದರವೇ. ಹ್ಯಾಟೆ ಮೊಟ್ಟೆಯಿಟ್ಟು ಎದ್ದು, ಗೂಡಿನಿಂದ ನಾಲ್ಕು ಹೆಜ್ಜೆ ಈಚೆ ಬಂದು, ಚಿಕ್ಕ ಚಿಕ್ಕ ಕೊಕ್ ಕೊಕ್‌ಗಳಾದ ಮೇಲೆ ಒಂದು ಉದ್ದನೆಯ ಕೊಕ್ಕೇ ಎಳೆಯುತ್ತದೆ. ಅದಕ್ಕೆ ಹುಂಜ ದನಿಗೂಡಿಸುತ್ತದೆ. ಮೊಟ್ಟೆಯಿಡದ ಬೇರೆ ಹ್ಯಾಟೆಗಳೂ ಸೇರಿಕೊಳ್ಳುತ್ತವೆ. ಐದು ನಿಮಿಷಕ್ಕೆ ಮುಗಿದರೆ ಪುಣ್ಯ, ಕೆಲವು ಕಾಲು ಗಂಟೆ ಎಳೆಯುತ್ತವೆ. ಒಂದು ಮೊಟ್ಟೆ ಒಡಲಲ್ಲಿ ರೂಪುಗೊಳ್ಳಲು 24ರಿಂದ 26 ಗಂಟೆ ಬೇಕು. ಹಾಗಾಗಿ ಇವತ್ತು ಎಂಟಕ್ಕೆ ಇಟ್ಟರೆ ನಾಳೆ ಒಂಬತ್ತಕ್ಕೆ, ನಾಡಿದ್ದು ಹತ್ತಕ್ಕೆ ಎನ್ನುವಂತೆ ಹೊತ್ತು ಮುಂದೆ ಸರಿಯುತ್ತ ಹೋಗಿ, ಮಧ್ಯಾಹ್ನದ ಹತ್ತಿರ ಬಂದಾಗ ಒಂದು ದಿನ ಬಿಟ್ಟುಹೋಗುತ್ತದೆ. ಮತ್ತೆ ಬೆಳಗ್ಗೆಯಿಂದ ಎಣಿಕೆ. ಪಕ್ಕದ ಮನೆಯವರಿಗೆ ದಿನಕ್ಕೊಂದು ಹೊತ್ತಿಗೆ ಕೂಗು ಕೇಳುವುದು ಇದಕ್ಕೇ.

ಮೊಟ್ಟೆಯಿಟ್ಟ ಜಾಗವನ್ನು ಗುಟ್ಟಾಗಿಡಬೇಕಾದ ಹಕ್ಕಿ ಹೀಗೆ ಡಂಗುರ ಹೊಡೆಯುವುದು ಯಾಕೆ? ಕಾಡಿನಲ್ಲಿ ಹ್ಯಾಟೆ ಗುಂಪಿನಿಂದ ಬೇರೆಯಾಗಿ, ಪೊದೆಯೊಳಗೆ ಒಬ್ಬಂಟಿಯಾಗಿ ಮೊಟ್ಟೆಯಿಡುತ್ತದೆ. ಅಷ್ಟು ಹೊತ್ತಿಗೆ ಗುಂಪು ಮೇಯುತ್ತ ದೂರ ಹೋಗಿರುತ್ತದೆ. ಕೂಗಿದರೆ ಹುಂಜ ಓಗೊಡುತ್ತದೆ, ಬಂದು ಕರೆದೊಯ್ಯುತ್ತದೆ ಎಂಬುದು ಒಂದು ವಿವರಣೆ. ಗೂಡಿನಿಂದ ಈಚೆ ಬಂದು ಕೂಗುವುದರಿಂದ ಕಳ್ಳಪ್ರಾಣಿಯ ಗಮನ ಮೊಟ್ಟೆಯಿಂದ ತನ್ನತ್ತ ತಿರುಗಲಿ ಎಂಬ ಹುನ್ನಾರ ಎನ್ನುವುದು ಇನ್ನೊಂದು. ತೊಮ್ಮಾಸೊ ಪಿಜ್ಜಾರಿ ಮತ್ತು ಟಿಮ್ ಬರ್ಕ್‌ಹೆಡ್ ಎಂಬ ವಿಜ್ಞಾನಿಗಳು ‘ಹ್ಯಾಟೆ ಕೂಗುವುದು ಯಾರಿಗಾಗಿ’ ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿ 2001ರಲ್ಲಿ ಪ್ರಬಂಧ ಬರೆದರು. ಹಿತ್ತಿಲ ಕೋಳಿಗೆ ಪೊದೆಯೂ ಇಲ್ಲ, ಗುಂಪು ಕಳೆದುಹೋಗುವ ಭಯವೂ ಇಲ್ಲ. ಕೂಗು ಮಾತ್ರ ಉಳಿದಿದೆ. ಇದನ್ನು ನಿಲ್ಲಿಸುವ ಮದ್ದು ಯಾರ ಬಳಿಯೂ ಇಲ್ಲ. ಇದೆ ಅನ್ನುವವರನ್ನು ನಂಬಬೇಡಿ. ಮಾಡಬಹುದಾದದ್ದು ಗೂಡಿನ ಜಾಗ ಬದಲಿಸುವುದು. ಪಕ್ಕದ ಮನೆಯ ಕಿಟಕಿಯ ಕಡೆಗಿದ್ದ ಮಂಕರಿಯನ್ನು ನಿಮ್ಮ ಬಚ್ಚಲಿನ ಹಿಂದಕ್ಕೋ ಹುಲ್ಲಿನ ಮೆದೆಯ ಮರೆಗೋ ಸರಿಸಿದರೆ ಅರ್ಧ ಜಗಳ ಮುಗಿಯುತ್ತದೆ.

ಮೊಟ್ಟೆಯಿಟ್ಟ ಮೇಲಿನದಕ್ಕಿಂತ ಮೊಟ್ಟೆಯಿಡುವ ಮುಂಚಿನ ಕೂಗು ಕೇಡು. ಅದು ಉದ್ದ, ಗೋಗರೆಯುವ ದನಿ, ಮುಗಿಯುವುದೇ ಇಲ್ಲ. ಜಾಗ ಸಿಗದೆ ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತ ಕೂಗುವ ಈ ದನಿಗೆ ಸಂಶೋಧಕರು ಗೇಕಲ್ ಕರೆ ಎನ್ನುತ್ತಾರೆ. ಬೇಕಾದ್ದು ಸಿಗದಿದ್ದಾಗಿನ ಸಂಕಟದ ಗುರುತು ಅದು. ಗೂಡಿಗೆ ಮಾತ್ರವಲ್ಲ, ಮೇವು, ನೀರು ಸಿಗದಿದ್ದಾಗಲೂ ಬರುತ್ತದೆ. ಎಂಟು ಕೋಳಿಗೆ ಒಂದೇ ಮಂಕರಿ ಇಟ್ಟು, ಅದರಲ್ಲೂ ಜೋರಿನ ಹ್ಯಾಟೆಯೊಂದು ಕೂತುಬಿಟ್ಟಿದ್ದರೆ ಮಿಕ್ಕವು ಇನ್ನೇನು ಮಾಡಬೇಕು? ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲುಕೀಳಿನ ಸಾಲು ಗಟ್ಟಿಯಾಗಿರುತ್ತದೆ. ನಾರ್ವೆಯ ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ 1921ರಲ್ಲೇ ಅದನ್ನು ಬರೆದಿಟ್ಟಿದ್ದಾನೆ. ಸಾಲಿನ ಕೊನೆಯ ಹ್ಯಾಟೆಗೆ ಮಂಕರಿ ಸಿಗುವುದೂ ಕೊನೆಗೇ. ನಾಲ್ಕೈದು ಕೋಳಿಗೆ ಒಂದು ಮಂಕರಿಯ ಲೆಕ್ಕ ಸರಿ. ತಳಕ್ಕೆ ಒಣ ರಾಗಿಹುಲ್ಲು, ಜಾಗ ಮಬ್ಬುಗತ್ತಲಿನದು, ಮಳೆಯ ಎರಚಲು ಬಡಿಯದ್ದು. ಎರಡು ಮಂಕರಿ ಇಟ್ಟರೂ ಎಲ್ಲವೂ ಒಂದಕ್ಕೇ ಮುಗಿಬೀಳುವುದುಂಟು. ಖಾಲಿಯದರಲ್ಲಿ ಒಂದು ಮೊಟ್ಟೆಯನ್ನೋ ಮೊಟ್ಟೆಯಾಕಾರದ ಬಿಳಿಗಲ್ಲನ್ನೋ ಇಟ್ಟರೆ ಮೋಸಹೋಗಿ ಕೂರುತ್ತವೆ.

ಈಗ ಕಾಡಿನ ಮಾತಿಗೆ ಬರೋಣ. ಮುತ್ತತ್ತಿ ಇರುವುದು ಕಾವೇರಿ ವನ್ಯಜೀವಿಧಾಮದೊಳಗೆ. 1987ರಲ್ಲಿ ಘೋಷಣೆಯಾದ ಈ ಧಾಮ ಆಮೇಲೆ ಹಿಗ್ಗಿ ಈಗ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಾಗಿದೆ. ಆನೆ, ಚಿರತೆಗಳ ಹೆಸರು ಎಲ್ಲರಿಗೂ ಗೊತ್ತು. ಕೋಳಿ ಸಾಕುವವರ ಶತ್ರುಗಳ ಪಟ್ಟಿಯೇ ಬೇರೆ: ಮುಂಗುಸಿ, ಕಾಡುಬೆಕ್ಕು, ಪುನುಗಿನ ಬೆಕ್ಕು, ಉಡ, ನಾಗರಹಾವು, ಕೇರೆಹಾವು, ಮೇಲಿಂದ ಹದ್ದು, ಗಿಡುಗ. ಮೊಟ್ಟೆಗೆ ಕೈಹಾಕುವ ಕೋತಿಗಳನ್ನೂ ಸೇರಿಸಬೇಕು; ಭಾನುವಾರದ ಜನ ಹಾಕಿದ ತಿಂಡಿಯಿಂದ ಅವಕ್ಕೆ ಮನುಷ್ಯನ ಭಯವೇ ಹೋಗಿದೆ. ಇವೆಲ್ಲಕ್ಕಿಂತ ಅಪರೂಪದ್ದು ತರಕರಡಿ. ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಕ್ಯಾಮೆರಾ ಟ್ರ್ಯಾಪ್ ಇಟ್ಟು ಕಾವೇರಿ ಕಾಡಿನಲ್ಲಿ ಇದರ ಚಿತ್ರ ಹಿಡಿದು 2014ರಲ್ಲಿ ಪ್ರಕಟಿಸುವವರೆಗೆ ಕರ್ನಾಟಕದಲ್ಲಿ ಇಂಥದ್ದೊಂದು ಪ್ರಾಣಿ ಇದೆಯೆಂಬುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ನೆಲ ಬಗೆದು ಗೂಡಿಗೆ ನುಗ್ಗುವುದರಲ್ಲಿ ಅದು ನಿಸ್ಸೀಮ.

ಇಂಥ ಕಡೆ ಬಾಯಿಬಡುಕಿ ಹ್ಯಾಟೆ ಸಂಬಳವಿಲ್ಲದ ಕಾವಲುಗಾರ. ಅದು ಕೂಗುವುದರಲ್ಲೂ ಎರಡು ಬಗೆ. ನೆಲದ ಮೇಲಿನ ಕಳ್ಳನಿಗೆ ಕೊಕ್ ಕೊಕ್ ಕೊಕ್ ಎಂದು ಕಡಿದು ಕಡಿದು, ಎತ್ತರದ ದನಿಯಲ್ಲಿ, ಕೇಳಿದವರಿಗೆ ಎಲ್ಲಿಂದ ಬಂತೆಂದು ಗೊತ್ತಾಗುವಂತೆ. ಆಕಾಶದ ಗಿಡುಗನಿಗೆ ತೆಳ್ಳನೆಯ, ಎಳೆದ, ಸೀಟಿಯಂಥ ದನಿ. ಅದು ಯಾವ ಕಡೆಯಿಂದ ಬಂತೆಂದು ಪತ್ತೆಯಾಗುವುದೇ ಕಷ್ಟ. ಕ್ರಿಸ್ಟೊಫರ್ ಇವಾನ್ಸ್, ಪೀಟರ್ ಮಾರ್ಲರ್ ಮತ್ತು ಜೊತೆಗಾರರು 1993ರಲ್ಲಿ ಒಂದು ಚಂದದ ಪ್ರಯೋಗ ಪ್ರಕಟಿಸಿದರು. ಕಳ್ಳಪ್ರಾಣಿಯನ್ನು ತೋರಿಸದೆ, ಹುಂಜದ ಎರಡು ಬಗೆಯ ಎಚ್ಚರಿಕೆ ದನಿಗಳನ್ನು ಮಾತ್ರ ಹ್ಯಾಟೆಗಳಿಗೆ ಕೇಳಿಸಿದರು. ಗಿಡುಗನ ದನಿ ಕೇಳಿದವು ಮರೆಗೆ ಓಡಿ ಕುಗ್ಗಿ ಕೂತು ಮೇಲೆ ನೋಡಿದವು. ನೆಲದ ಕಳ್ಳನ ದನಿ ಕೇಳಿದವು ಕತ್ತು ನಿಗುರಿಸಿ ನಿಂತವು. ಬರಿಯ ದನಿಯಲ್ಲೇ ‘ಮೇಲೆ’, ‘ಕೆಳಗೆ’ ಎನ್ನುವ ವ್ಯತ್ಯಾಸ ತಲುಪುತ್ತದೆ. ಕೋಳಿಬುದ್ಧಿ ಎಂದು ಹಂಗಿಸುವವರು ಇದನ್ನು ಗಮನಿಸಬೇಕು.

ಹಾಗಾಗಿ ಹಿತ್ತಿಲಲ್ಲಿ ಕಡಿದು ಕಡಿದು ಕೂಗುವ ದನಿ ಬಂದಾಗ ಕಲ್ಲು ತೂರಿ ಓಡಿಸುವ ಬದಲು, ಅದು ಯಾವ ಕಡೆ ನೋಡುತ್ತಿದೆ ಎಂದು ನೋಡುವುದು ಒಳ್ಳೆಯದು. ಬೇಲಿಯ ಬುಡದಲ್ಲಿ ಮುಂಗುಸಿ ಇರಬಹುದು. ಸೌದೆ ಒಟ್ಟಿದ ಕಡೆ ಹಾವಿರಬಹುದು. ಅದು ಕೋಳಿಗಷ್ಟೇ ಅಲ್ಲ, ಸೌದೆಗೆ ಕೈಹಾಕುವ ನಿಮಗೂ ಬೇಕಾದ ಸುದ್ದಿ. ಇನ್ನು ಕೆಲವು ಹ್ಯಾಟೆಗಳು ಹಾರುವ ಪ್ಲಾಸ್ಟಿಕ್ ಕವರಿಗೂ ಊರು ಎಬ್ಬಿಸುತ್ತವೆ ಎನ್ನುವುದೂ ಸುಳ್ಳಲ್ಲ. ಹಿತ್ತಿಲಲ್ಲಿ ಅಡಗಲು ಒಂದು ಪೊದೆಯೋ, ಬಾಳೆಯ ಗುಂಪೋ, ಕೊನೆಗೆ ವಾರೆಯಾಗಿ ಒರಗಿಸಿದ ತೆಂಗಿನ ಗರಿಯೋ ಇದ್ದರೆ ಅವುಗಳ ಪುಕ್ಕಲು ಕಡಿಮೆಯಾಗುತ್ತದೆ. ಬೋಳು ಅಂಗಳದಲ್ಲಿ ಬಿಟ್ಟ ಕೋಳಿಗೆ ಆಕಾಶವೆಲ್ಲ ಗಿಡುಗನೇ.

ಮುತ್ತತ್ತಿ ಕಾಡಿನಲ್ಲಿ ಇವುಗಳ ನೆಂಟರೂ ಇದ್ದಾರೆ. ಬೂದು ಬಣ್ಣದ ಕಾಡುಕೋಳಿ, ನಮ್ಮ ದಕ್ಷಿಣದ್ದು. ಅದರ ಹುಂಜದ ಕೂಗು ಊರ ಹುಂಜದಷ್ಟು ಉದ್ದವಿಲ್ಲ, ತುಂಡು ತುಂಡು. ಸಾಕುಕೋಳಿ ಬಂದದ್ದು ಕೆಂಪು ಕಾಡುಕೋಳಿಯಿಂದ ಎಂಬುದು ಹಳೆಯ ಮಾತು. ಆದರೆ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ತಂಡ 2008ರಲ್ಲಿ ತೋರಿಸಿದ್ದು ಬೇರೆ: ಲೋಕದ ಬಹುತೇಕ ಸಾಕುಕೋಳಿಗಳ ಕಾಲಿನ ಹಳದಿ ಬಣ್ಣದ ಗುಣ ಬಂದಿರುವುದು ಈ ಬೂದು ಕಾಡುಕೋಳಿಯಿಂದ. ಅಮೆರಿಕದ ಫಾರಮ್ಮಿನ ಕೋಳಿಯ ಹಳದಿ ಕಾಲಿಗೆ ನಮ್ಮ ಕಾಡಿನ ಋಣವಿದೆ. ಕಾಡುಕೋಳಿ ಹಿಡಿಯುವುದು, ಹೊಡೆಯುವುದು ಅಪರಾಧ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಹೊಳೆ ದಡದ ಬಾಡೂಟದವರಲ್ಲಿ ಆಸೆಬುರುಕರು ಕಡಿಮೆ ಇಲ್ಲ.

ಕಾವಿನ ಕೋಳಿಯ ಗಲಾಟೆ ಮತ್ತೊಂದು ತೆರನದ್ದು. ನಾಟಿ ಹ್ಯಾಟೆ ಹನ್ನೆರಡು ಹದಿನೈದು ಮೊಟ್ಟೆಯಿಟ್ಟ ಮೇಲೆ ಮಂಕರಿ ಬಿಟ್ಟೇಳುವುದಿಲ್ಲ. ಕೈ ಹತ್ತಿರ ತಂದರೆ ಗರಿ ಕೆದರಿ ಗುರ್ ಎನ್ನುತ್ತದೆ, ಮೇಯಲು ಎದ್ದಾಗ ಕ್ಲಕ್ ಕ್ಲಕ್ ಎಂದು ಒಂದೇ ಸಮ ಸದ್ದು. ಕೋಳಿಪಿಳ್ಳೆ ಬೇಕಾದರೆ ಇದಕ್ಕಿಂತ ಒಳ್ಳೆಯ ಯಂತ್ರವಿಲ್ಲ; ಹತ್ತು ಹನ್ನೆರಡು ಮೊಟ್ಟೆ ಇಟ್ಟು 21 ದಿನ ಬಿಟ್ಟರೆ ಸಾಕು. ಬೇಡವಾದರೆ ಕಾವು ಬಿಡಿಸಬೇಕು. ಹಿಂದಿನವರು ತಣ್ಣೀರಲ್ಲಿ ಮುಳುಗಿಸುತ್ತಿದ್ದರು, ಮೂಗಿನ ಹೊಳ್ಳೆಗೆ ಪುಕ್ಕ ಪೋಣಿಸುತ್ತಿದ್ದರು. ಪುಕ್ಕ ಪೋಣಿಸುವುದು ಬರೀ ಹಿಂಸೆ, ಅದನ್ನು ಬಿಡುವುದೇ ಸರಿ. ಹೊಟ್ಟೆಯ ಅಡಿ ತಂಪಾದರೆ ಕಾವು ಇಳಿಯುತ್ತದೆ. ಹುಲ್ಲಿಲ್ಲದ, ತಳಕ್ಕೆ ಜಾಲರಿಯಿರುವ, ಗಾಳಿಯಾಡುವ ಪಂಜರವನ್ನು ನೆಲದಿಂದ ಎತ್ತರಿಸಿ ಬೆಳಕಿರುವ ಕಡೆ ಇಟ್ಟು, ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ಬಹುಪಾಲು ದಾರಿಗೆ ಬರುತ್ತವೆ. ಮೊಟ್ಟೆಯನ್ನು ದಿನಾ ತೆಗೆಯುತ್ತಿದ್ದರೆ ಕಾವಿಗೆ ಕೂರುವುದೂ ತಡವಾಗುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರದಂಥ ತಳಿಗಳಲ್ಲಿ ಈ ರಗಳೆ ಕಡಿಮೆ, ಮೊಟ್ಟೆ ನಾಟಿಗಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಮೊಟ್ಟೆ ಹೆಚ್ಚಾದಷ್ಟೂ ಮೊಟ್ಟೆಯ ಕೂಗೂ ಹೆಚ್ಚು. ಕಾಡಂಚಿನಲ್ಲಿ ಓಡಿ ಮರ ಹತ್ತಿ ಜೀವ ಉಳಿಸಿಕೊಳ್ಳುವುದರಲ್ಲಿ ನಾಟಿಗೆ ಸಾಟಿಯಿಲ್ಲ.

ರಾತ್ರಿಯ ಸದ್ದನ್ನು ಮಾತ್ರ ಎಂದೂ ಹಗುರವಾಗಿ ಕಾಣಬಾರದು. ಕತ್ತಲಾದರೆ ಕೋಳಿಗೆ ಕಣ್ಣು ಕಾಣುವುದು ಕಷ್ಟ, ಕೂತಲ್ಲೇ ಕೂತಿರುತ್ತದೆ. ಹಾಗಿದ್ದೂ ಗೂಡಿನಲ್ಲಿ ಗದ್ದಲವೆಂದರೆ ಏನೋ ನುಗ್ಗಿದೆ, ಇಲ್ಲವೇ ಹೇನು ಕಚ್ಚುತ್ತಿದೆ. ಗೂಡಿನ ಸಂದುಗಳಲ್ಲಿ ಹಗಲು ಅಡಗಿ ರಾತ್ರಿ ರಕ್ತ ಹೀರುವ ನುಸಿಗಳಿವೆ. ಬೆಳಗ್ಗೆ ಕೋಲಿನ ಅಡಿ ಬಿಳಿಬಟ್ಟೆ ಒರೆಸಿ ನೋಡಿದರೆ ಕೆಂಪು ಗುರುತು ಹತ್ತುತ್ತದೆ. ಕೂಗಿನ ಬದಲು ಗೊರಗೊರ ಉಸಿರು, ಸೀನು, ಕತ್ತು ತಿರುಚುವುದು ಕಂಡರೆ ಕೊಕ್ಕರೆ ರೋಗದ ಅನುಮಾನ ಪಡಬೇಕು. ಬಂದ ಮೇಲೆ ಅದಕ್ಕೆ ಮದ್ದಿಲ್ಲ, ಲಸಿಕೆಯೊಂದೇ ದಾರಿ. ಮರಿಗೆ ವಾರ ತುಂಬುವಷ್ಟರಲ್ಲಿ ಒಮ್ಮೆ, ಎರಡು ತಿಂಗಳ ಹೊತ್ತಿಗೆ ಇನ್ನೊಮ್ಮೆ. ಹಿತ್ತಿಲ ಕೋಳಿಗೆ ಲಸಿಕೆ ಯಾಕೆ ಎನ್ನುವವರ ಗೂಡು ಒಂದೇ ವಾರಕ್ಕೆ ಖಾಲಿಯಾಗುತ್ತದೆ.

ಹ್ಯಾಟೆಯೇ ಹುಂಜದಂತೆ ಕೂಗಿದರೆ? ಮನೆಗೆ ಕೇಡು ಎಂದು ಅವತ್ತೇ ಕತ್ತು ಮುರಿಯುವ ರೂಢಿ ನಮ್ಮಲ್ಲಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಇದು ನಮ್ಮೊಬ್ಬರ ಮೂಢನಂಬಿಕೆಯಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ 1474ರಲ್ಲಿ ಮೊಟ್ಟೆಯಿಟ್ಟಿತೆಂದು ಒಂದು ಹುಂಜವನ್ನು ವಿಚಾರಣೆ ಮಾಡಿ ಮೊಟ್ಟೆಯ ಸಮೇತ ಸುಟ್ಟರು. ಅಸಲು ಸಂಗತಿ ಸರಳ. ಹ್ಯಾಟೆಗೆ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ. ರೋಗದಿಂದಲೋ ವಯಸ್ಸಿನಿಂದಲೋ ಅದು ಕೆಟ್ಟರೆ ಹೆಣ್ಣಿನ ಚೋದಕ ಕಡಿಮೆಯಾಗಿ, ಬಲಗಡೆ ಹಾಗೇ ಉಳಿದಿದ್ದ ಅಂಗ ಗಂಡಿನ ಗುಣದತ್ತ ಬೆಳೆಯಬಹುದು. ಜುಟ್ಟು ದೊಡ್ಡದಾಗುತ್ತದೆ, ಕೂಗು ಬರುತ್ತದೆ. ಹುಂಜವೇ ಇಲ್ಲದ ಹಿಂಡಿನಲ್ಲಿ ಮೇಲಿನ ಸಾಲಿನ ಹ್ಯಾಟೆ ಆಗೀಗ ಕೂಗುವುದೂ ಉಂಟು. ಮೊಟ್ಟೆ ನಿಂತಿದ್ದರೆ ಸಾಕುವುದು ಬಿಡುವುದು ನಿಮ್ಮ ಲೆಕ್ಕ. ಕೇಡಿನ ಲೆಕ್ಕ ಬೇಡ.

ಇನ್ನು ನೆರೆಹೊರೆ. ಹಳ್ಳಿಯಲ್ಲಿ ಕೋಳಿಯ ಸದ್ದಿಗೆ ಗೊಣಗಾಟವಿದ್ದರೂ ಅದು ದೊಡ್ಡ ಜಗಳವಾಗುವುದು ಅಪರೂಪ. ಸೊಪ್ಪಿನ ಮಡಿ ಕೆದರಿದ್ದು, ಒಣಹಾಕಿದ ರಾಗಿ ತಿಂದದ್ದು, ಮೊಟ್ಟೆ ಅವರ ಹಿತ್ತಿಲಲ್ಲಿಟ್ಟು ಇಲ್ಲಿಗೆ ಬಂದು ಕೂಗಿದ್ದು ಇಂಥವೇ ಹೆಚ್ಚು. ಒಂಬತ್ತು ಗಂಟೆಯವರೆಗೆ ಗೂಡಿನಲ್ಲೇ ಬಿಟ್ಟುಕೊಂಡರೆ ಮೊಟ್ಟೆಯಾದರೂ ಮನೆಯಲ್ಲಿ ಉಳಿಯುತ್ತದೆ. ಸದ್ದಿನ ದೂರು ದೊಡ್ಡದಾಗುವುದು ಮನೆಗೆ ಮನೆ ಅಂಟಿದ ಪೇಟೆಗಳಲ್ಲಿ, ನಗರದ ಜನ ನಿಶ್ಶಬ್ದ ಹುಡುಕಿಕೊಂಡು ಬರುವ ತಾಣಗಳಲ್ಲಿ. ಫ್ರಾನ್ಸಿನ ಓಲೆರಾನ್ ದ್ವೀಪದ ಮೊರಿಸ್ ಎಂಬ ಹುಂಜದ ಮೇಲೆ ರಜೆಗೆ ಬಂದಿರುತ್ತಿದ್ದ ನೆರೆಯವರು ದಾವೆ ಹೂಡಿದ್ದರು. 2019ರಲ್ಲಿ ನ್ಯಾಯಾಲಯ ಹುಂಜದ ಪರವಾಗಿ ತೀರ್ಪು ಕೊಟ್ಟಿತು. 2021ರಲ್ಲಿ ಅಲ್ಲಿನ ಸಂಸತ್ತು ಹಳ್ಳಿಯ ಸದ್ದು, ವಾಸನೆಗಳನ್ನು ನಾಡಿನ ಪರಂಪರೆಯೆಂದು ಮಾನ್ಯ ಮಾಡುವ ಕಾನೂನನ್ನೇ ತಂದಿತು. ನಮ್ಮ ನೆರೆಯ ಕೇರಳದ ಅಡೂರಿನಲ್ಲಿ 2025ರಲ್ಲಿ ನಸುಕಿನ ಮೂರಕ್ಕೇ ಕೂಗುವ ಹುಂಜದ ಬಗ್ಗೆ ದೂರು ಹೋಗಿ, ಕಂದಾಯ ವಿಭಾಗಾಧಿಕಾರಿ ಮಾಳಿಗೆಯ ಮೇಲಿನ ಗೂಡನ್ನು ಬೇರೆ ಕಡೆಗೆ ಸರಿಸಲು ಹೇಳಿದರು. ನನಗೆ ಫ್ರಾನ್ಸಿನ ಗೆಲುವಿಗಿಂತ ಅಡೂರಿನ ತೀರ್ಮಾನವೇ ಹಿಡಿಸುತ್ತದೆ. ಕೋಳಿಯೂ ಉಳಿಯಿತು, ದೂರಿದವರ ನಿದ್ದೆಯೂ ಉಳಿಯಿತು. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಹ್ಯಾಟೆಯ ಮೊಟ್ಟೆಕೂಗು ಇಬ್ಬರು ಎದುರುಬದುರು ಗಟ್ಟಿಯಾಗಿ ಮಾತಾಡಿದಷ್ಟು, ಅದೂ ಹಗಲಿನಲ್ಲಿ, ಹೆಚ್ಚೆಂದರೆ ಕಾಲು ಗಂಟೆ. ಭಾನುವಾರ ಮುತ್ತತ್ತಿ ದಡಕ್ಕೆ ಬರುವ ಕಾರುಗಳ ಡಿಕ್ಕಿಯೊಳಗಿನ ಸ್ಪೀಕರುಗಳನ್ನು ಅಳೆಯಲು ಯಾರಾದರೂ ಮೀಟರು ತಂದರೆ ಕೋಳಿಗೆ ಯಾವ ಭಯವೂ ಇಲ್ಲ.

ಪೇಟೆಯಲ್ಲಿ ಸಾಕುವವರು ಹುಂಜ ಬಿಟ್ಟು ಹ್ಯಾಟೆ ಮಾತ್ರ ಸಾಕಲಿ. ಮೊಟ್ಟೆಗೆ ಹುಂಜ ಬೇಕಿಲ್ಲ. ಮರಿಯಿಂದಲೂ ಒಟ್ಟಿಗೆ ಬೆಳೆದವನ್ನೇ ಕೊಳ್ಳಲಿ, ಹೊಸದನ್ನು ಸೇರಿಸುವುದಿದ್ದರೆ ರಾತ್ರಿ ಕತ್ತಲಲ್ಲಿ ಗೂಡಿಗೆ ಬಿಡಲಿ. ಇಷ್ಟೆಲ್ಲ ಆದಮೇಲೂ ಬಾಯಿ ಮುಚ್ಚದ ಹ್ಯಾಟೆಯಿದ್ದರೆ, ಅಂಗಳ ದೊಡ್ಡದಿರುವ ನೆಂಟರ ಮನೆಗೆ ಕೊಟ್ಟುಬಿಡಿ. ನಿಮ್ಮದು ಹಲಗೂರಿನಾಚೆ, ಕಾಡಿಗೆ ಬೆನ್ನು ಕೊಟ್ಟ ಮನೆಯಾಗಿದ್ದರೆ ಮಾತ್ರ ಕೊಡಬೇಡಿ, ಕುಯ್ಯಲೂಬೇಡಿ. ಹಬ್ಬಕ್ಕೆ ಸುಮ್ಮನಿರುವ ಇನ್ನೊಂದನ್ನು ಹಿಡಿಯಿರಿ.